ಖಾಲಿ ಬಿಡಬಹುದು

ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಲಿಂಗರಾಜಪುರದ ಕಡೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿನ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿಗೆ ಪೊರಕೆ ಅದ್ದಿ ಗೋಡೆಗೆ ಬಳಿಯುವುದು, ಹಾಳೆ ಒತ್ತುವುದು, ಅದರ ಮೇಲೆ ಇನ್ನೊಂದು ಸಲ ಬಳಿಯುವುದು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಕಾಯಿಸಿದ ಮೈದಾ ಅಂಟನ್ನು ಒಂದು ದಿನ ಹಾಗೇ ಇಟ್ಟರೆ ಬರುತ್ತದಲ್ಲ, ಆ ಹುಳಿ ವಾಸನೆ. ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದೆ. ಪಕ್ಕದಲ್ಲಿ ಕೂತಿದ್ದ ಬುರ್ಖಾದ ಹೆಂಗಸು, ಏನಾಯ್ತಮ್ಮಾ, ಕೂತ್ಕೊಳ್ಳಿ ಎಂದು ತನ್ನ ಚೀಲ ಸರಿಸಿ ಜಾಗ ಮಾಡಿಕೊಟ್ಟಳು. ಏನಿಲ್ಲಮ್ಮ, ಆ ಅಂಟಿನ ವಾಸನೆ ಎಂದೆ. ಅವಳು ನನ್ನನ್ನು ಒಂಥರಾ ನೋಡಿದಳು.

ಅಂಟಿನ ವಾಸನೆಗೆ ಯಾರಿಗಾದರೂ ಹೀಗಾಗುತ್ತದೆಯೇ? ನನಗಾಗುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ನಾನು ರಿಟೈರ್ ಆಗುವುದಕ್ಕೆ ಮುಂಚಿನ ಆ ಒಂದು ವರ್ಷ ಪೂರ್ತಿ ಎದ್ದು ಬಂದು ಎದುರಿಗೆ ನಿಲ್ಲುತ್ತದೆ. ಅದರಲ್ಲೂ ಅವತ್ತು ನಾನು ಹೊರಟಿದ್ದು ಶರಣಮ್ಮನ ಮನೆಗೆ.

ನಾನಾಗ ಹಲಸೂರಿನ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಎಂಟನೇ ಕ್ಲಾಸಿನ ಚರಿತ್ರೆಯಲ್ಲಿ ಏನು ಹೇಳಿಕೊಡಬೇಕು, ಹೇಗೆ ಹೇಳಿಕೊಡಬೇಕು ಎಂಬ ಮಾರ್ಗಸೂಚಿಯನ್ನು ಪರಿಷ್ಕರಿಸಲು ಒಂದು ಸಮಿತಿ ಆಗಿದೆ, ಅದರಲ್ಲಿ ನಿಮ್ಮ ಹೆಸರೂ ಇದೆ ಎಂದು ಹೆಡ್‌ಮಾಸ್ಟರು ಆರ್ಡರನ್ನು ಕೈಗಿಟ್ಟರು. ಶುರುವಿನಲ್ಲಿ ಎಲ್ಲವೂ ಭರ್ಜರಿ. ಮಕ್ಕಳು ತಮ್ಮ ಊರಿನ ಚರಿತ್ರೆ ಓದಬೇಕು, ಹೊಸ ಪುಸ್ತಕ ಬರುತ್ತದೆ, ಬಣ್ಣದ ಚಿತ್ರ ಇರುತ್ತದೆ, ಟೀಚರುಗಳಿಗೆ ತರಬೇತಿ, ಮಕ್ಕಳಿಗೆ ಬಸ್ಸಿನಲ್ಲಿ ಕೋಟೆ, ಮ್ಯೂಸಿಯಂ ಸುತ್ತಾಟ. ಮೊದಲ ಸಭೆಯಲ್ಲಿ ಗೋಡಂಬಿ ಬಿಸ್ಕತ್ತು ಕೊಟ್ಟಿದ್ದರು. ಎಷ್ಟು ಜನ ಬಂದಿದ್ದರೆಂದರೆ ಕುರ್ಚಿ ಸಾಲದೆ ಕೆಲವರು ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ಕೂತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು. ಈ ಸಲ ದುಡ್ಡಿಲ್ಲ. ಬಜೆಟ್ಟಿನಲ್ಲಿ ಕೊರತೆ, ಎಲ್ಲದಕ್ಕೂ ಕತ್ತರಿ. ಮೊದಲು ಹೋಗಿದ್ದು ಹೊಸ ಪುಸ್ತಕದ ದುಡ್ಡು. ಆಮೇಲೆ ನಮ್ಮ ಬಿಸ್ಕತ್ತು ನಿಂತಿತು, ಟೀ ನಿಂತಿತು, ಓಡಾಟದ ಭತ್ಯೆ ನಿಂತಿತು. ಭತ್ಯೆ ನಿಂತದ್ದೇ ತಡ, ಒಬ್ಬರಿಗೆ ಮಂಡಿನೋವು ಬಂತು, ಒಬ್ಬರಿಗೆ ಮಗಳ ಮದುವೆ ಬಂತು, ಇನ್ನೊಬ್ಬರಿಗೆ ಬಿಪಿ ಏರಿತು. ಕೊನೆಗೆ ಉಳಿದವರು ಮೂರೇ ಜನ. ಸಮಿತಿಯನ್ನು ರದ್ದು ಮಾಡಬೇಕೆಂದು ಮೇಲಿನವರಿಗೆ ಯಾರಿಗೂ ನೆನಪಾಗಲಿಲ್ಲ, ಹಾಗಾಗಿ ಅದು ಉಳಿದುಕೊಂಡಿತು.

ಸಂಚಾಲಕರು ಲೂರ್ದುಸ್ವಾಮಿ ಸರ್. ರಿಟೈರ್ ಆದ ಹೆಡ್‌ಮಾಸ್ಟರು, ಕಾಕ್ಸ್ ಟೌನಿನವರು. ಬೋರ್ಡಿನ ಮೇಲೆ ಸರ್ವಜ್ಞನಗರ ಎಂದಿದ್ದರೂ ಅವರ ಬಾಯಲ್ಲಿ ಅದು ಕಾಕ್ಸ್ ಟೌನೇ. ಮನೆಯಲ್ಲಿ ಕೂತರೆ ಹೆಂಡತಿ ತರಕಾರಿ ಹೆಚ್ಚಲು ಹಚ್ಚುತ್ತಾಳೆ ಎನ್ನುವುದು ಅವರು ಸಮಿತಿಯಲ್ಲಿ ಉಳಿಯಲು ಕೊಟ್ಟ ಕಾರಣ. ಎರಡನೆಯವಳು ನಾನು, ಬೇಡ ಎಂದು ಬಾಯಿಬಿಟ್ಟು ಹೇಳಲು ಬಾರದವಳು. ಮೂರನೆಯವಳು ಶರಣಮ್ಮ, ಬೇಡ ಎನ್ನುವ ಹಾಗೇ ಇರದವಳು. ಅವಳು ಕೆ.ಆರ್.ಪುರದ ಆಚೆಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ. ಪ್ರತಿ ಜೂನಿನಲ್ಲಿ ಒಳಗೆ ಕರೆಯುತ್ತಾರೆ, ಪ್ರತಿ ಏಪ್ರಿಲಿನಲ್ಲಿ ಹೊರಗೆ ಕಳಿಸುತ್ತಾರೆ. ಇಂಥ ಅತಿಥಿ ಸತ್ಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶರಣಮ್ಮ ಸಿಂಧನೂರಿನ ಕಡೆಯವಳು. ಅವಳ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದವರು. ಅರ್ಧ ಕಟ್ಟಿದ ಮನೆಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆಳೆದು, ಬಿ.ಎಡ್ ಮಾಡಿ, ಟೀಚರಾದವಳು. ಗಂಡನದು ಗಾರೆ ಕೆಲಸ, ಮಳೆ ಬಂದರೆ ಕೂಲಿ ಇಲ್ಲ. ಒಬ್ಬಳೇ ಮಗಳು ಲಾವಣ್ಯ, ಆಗಿನ್ನೂ ಐದನೇ ಕ್ಲಾಸು. ಲಿಂಗರಾಜಪುರದಲ್ಲಿ ಒಂದು ಬಾಡಿಗೆ ರೂಮು. ಖಾಯಂ ಟೀಚರುಗಳ ನೇಮಕಾತಿ ಬರುತ್ತದೆ, ಅತಿಥಿಯಾಗಿ ಎಡೆಬಿಡದೆ ಕೆಲಸ ಮಾಡಿದವರಿಗೆ ಅದರಲ್ಲಿ ಕೃಪಾಂಕ ಸಿಗುತ್ತದೆ ಎಂಬ ಮಾತು ಆ ವರ್ಷ ಜೋರಾಗಿ ಓಡಾಡುತ್ತಿತ್ತು. ಅವಳ ವಯಸ್ಸಿನ ಮಿತಿಯೂ ಹತ್ತಿರ ಬಂದಿತ್ತು. ಇನ್ನೊಂದು ವರ್ಷ ತಪ್ಪದೆ ಶಾಲೆಯಲ್ಲಿ ಇದ್ದುಬಿಟ್ಟರೆ ಬದುಕು ದಡ ಸೇರುತ್ತದೆ ಎಂದು ಅವಳು ನಂಬಿದ್ದಳು. ನಾವೂ ನಂಬಿದ್ದೆವು.

ಶಿವಾಜಿನಗರದ ಒಂದು ಹಳೇ ಶಾಲೆಯ ಕೊನೇ ಕೋಣೆಯಲ್ಲಿ ನಮ್ಮ ಕೂಟ. ಎತ್ತರದ ಹೆಂಚಿನ ಮಾಡು, ತೊಲೆಗಳ ಮೇಲೆ ಪಾರಿವಾಳ. ಕೂರುವ ಮೊದಲು ಬೆಂಚು ಒರೆಸದಿದ್ದರೆ ಸೀರೆ ಹಾಳು. ಹೊರಗೆ ಮಾಂಸದಂಗಡಿಗಳ ಗಲಾಟೆ, ಆಟೋ ಹಾರ್ನು, ಮಧ್ಯಾಹ್ನದ ಅಜಾನ್, ಹಿಂದೆಯೇ ಚರ್ಚಿನ ಗಂಟೆ. ಅಂಥ ಒಂದು ಮಧ್ಯಾಹ್ನ ಹಳೇ ಪುಸ್ತಕ ತಿರುವುತ್ತಾ ಕೂತಿದ್ದಾಗ ಲೂರ್ದುಸ್ವಾಮಿ ಸರ್ ತಮ್ಮ ತಾತನ ಮಾತು ತೆಗೆದರು. ಅವರ ತಾತ ಆರ್ಕಾಟಿನಿಂದ ಪಲ್ಟನ್ನಿನ ಹಿಂದೆ ನಡೆದುಕೊಂಡು ಬಂದು, ಇಲ್ಲಿ ದಂಡಿನ ಕುದುರೆಗಳಿಗೆ ಹುಲ್ಲು ಕೊಯ್ದು ಹಾಕುತ್ತಿದ್ದರಂತೆ. ಜೀವಮಾನವಿಡೀ ಹಿಸ್ಟರಿ ಪಾಠ ಮಾಡಿದೆ, ಒಂದು ದಿನವೂ ಕ್ಲಾಸಿನಲ್ಲಿ ತಾತನ ಹೆಸರು ಎತ್ತಲಿಲ್ಲ ಎಂದು ಅವರು ಕನ್ನಡಕ ಒರೆಸಿಕೊಂಡರು.

ಶರಣಮ್ಮ ಬರೆಯುವುದು ನಿಲ್ಲಿಸಿ ಕೇಳಿದಳು. "ನಾವು ಬಂದಿದ್ದು ಮೊನ್ನಿ ಮೊನ್ನಿ ಅಲ್ರೀ ಸರ. ನಮ್ಮದೂ ಹಿಸ್ಟರಿ ಆಗ್ತದೇನ್ರಿ?"

"ಯಾಕಾಗಲ್ಲ? ಈ ಕಂಟೋನ್ಮೆಂಟ್ ಸೈಡಲ್ಲಿ ಬಂದೋರ್ದೇ ಹಿಸ್ಟರಿನಮ್ಮಾ," ಎಂದರು ಸರ್.

ಆ ಪುಟ ಹುಟ್ಟಿದ್ದು ಹಾಗೆ. ಬರೆದವಳು ಶರಣಮ್ಮ. ಮಕ್ಕಳು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆಯಬೇಕು. ಈ ಊರಿಗೆ ನಿಮ್ಮ ಮನೆಯಿಂದ ಮೊದಲು ಬಂದವರು ಯಾರು, ಎಲ್ಲಿಂದ, ಯಾವುದರಲ್ಲಿ ಬಂದರು, ಬರುವಾಗ ಏನು ತಂದರು, ಇಲ್ಲಿ ಮೊದಲು ಮಾಡಿದ ಕೆಲಸ ಯಾವುದು, ಅದನ್ನು ಏಕೆ ಬಿಟ್ಟರು. ಇವೇ ಪ್ರಶ್ನೆ. ಮಕ್ಕಳು ತಂದ ಉತ್ತರಗಳನ್ನು ಗೋಡೆಗೆ ಅಂಟಿಸಿ, ಅಲ್ಲಿಂದ ದಂಡು, ಕೆರೆ, ರೈಲು, ಕಾರ್ಖಾನೆ ಎಂದು ಪಾಠ ಮುಂದುವರಿಯಬೇಕು. ಓದಿ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಇಷ್ಟು ಸರಳವಾದದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ.

ನಾವು ಬರೆದದ್ದೆಲ್ಲ ಉಪನಿರ್ದೇಶಕರ ಮೇಜಿಗೆ ಹೋಗಬೇಕಿತ್ತು. ಕೆಟ್ಟ ಮನುಷ್ಯರೇನಲ್ಲ. ನಾವು ಹೋದರೆ ಕೂರಿಸಿ ಮಾತಾಡಿಸುತ್ತಿದ್ದರು, ಮನೆಯಿಂದ ತಂದ ಫ್ಲಾಸ್ಕಿನ ಕಾಫಿಯನ್ನು ನಾಲ್ಕು ಪಾಲು ಮಾಡುತ್ತಿದ್ದರು. ಆದರೆ ಹಾಳೆ ಕೈಗೆ ಸಿಕ್ಕಿದ ಕೂಡಲೇ ಅವರ ಬೆರಳು ಪಾಠ, ಉದ್ದೇಶ ಎಲ್ಲವನ್ನೂ ದಾಟಿ ನೇರ ಕೊನೇ ಕಾಲಮಿಗೆ ಹೋಗುತ್ತಿತ್ತು. ಅಲ್ಲಿ "ಹೆಚ್ಚುವರಿ ಆರ್ಥಿಕ ಹೊರೆ" ಎಂದು ಬರೆದಿರುತ್ತದೆ. ಅದರ ಕೆಳಗೆ "ಇಲ್ಲ" ಎಂದಿದ್ದರೆ ಮಾತ್ರ ಅವರು ಮೇಲಿನಿಂದ ಓದಲು ಶುರು ಮಾಡುತ್ತಿದ್ದರು. ಮ್ಯೂಸಿಯಂ ಬಸ್ಸು ಹೋಯಿತು. ಭೂಪಟ ಹೋಯಿತು. ಚಿತ್ರಗಳು ಹೋದವು. ಸಮಿತಿಯವರ ಹೆಸರು ಅಚ್ಚಾಗುವ ಒಂದು ಪುಟವಿತ್ತು, ಅದು ಕಾಗದ ದಂಡ ಎಂದು ನಾವೇ ತೆಗೆದೆವು. ಕೊನೆ ಕೊನೆಗೆ ಪಾಠ ಬರೆಯುವ ಮೊದಲೇ ಕೊನೇ ಕಾಲಮಿನಲ್ಲಿ "ಇಲ್ಲ" ಎಂದು ಬರೆದಿಟ್ಟು, ಆಮೇಲೆ ಮಿಕ್ಕದ್ದನ್ನು ಯೋಚಿಸುತ್ತಿದ್ದೆವು. ಅಡುಗೆಗೆ ಮುಂಚೆಯೇ ಪಾತ್ರೆ ತೊಳೆದಿಟ್ಟ ಹಾಗೆ. ನಗುತ್ತಲೂ ಇದ್ದೆವು. ಶರಣಮ್ಮನೇ ಹೇಳುತ್ತಿದ್ದಳು, ನಮ್ಮನ್ನೂ ಆ ಕಾಲಮಿನಾಗ ಬರದು ಬಿಡ್ರಿ ಮೇಡಂ ಎಂದು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಆ ಪುಟವನ್ನು ಅವಳ ಶಾಲೆಯಲ್ಲೇ ಪ್ರಯೋಗ ಮಾಡಿ ನೋಡಿದೆವು. ನಾನೂ ಸರ್ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಂಥ ಕ್ಲಾಸನ್ನು ನಾನು ನನ್ನ ಸರ್ವಿಸ್ಸಿನಲ್ಲಿ ಕಂಡಿರಲಿಲ್ಲ. ಒಬ್ಬಳ ಅವ್ವ ರಾಯಚೂರಿನಿಂದ ಜನರಲ್ ಡಬ್ಬಿಯಲ್ಲಿ, ಕಾಲಿಡಲು ಜಾಗವಿಲ್ಲದೆ, ರೊಟ್ಟಿಯ ಹೆಂಚನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿದ್ದಳು. ಒಬ್ಬನ ತಾತ ಧರ್ಮಪುರಿಯಿಂದ ಕಲ್ಲು ಕೆತ್ತಲು ಬಂದವರು. ಮಹದೇವಪುರದ ಹುಡುಗನೊಬ್ಬ ಎದ್ದು ನಿಂತು, ನಾವು ಎಲ್ಲಿಂದಲೂ ಬಂದಿಲ್ಲ ಮಿಸ್, ನಮ್ಮ ಹೊಲದ ಮೇಲೆ ಆಫೀಸು ಬಂತು ಎಂದ. ಮಕ್ಕಳೆಲ್ಲ ನಕ್ಕರು, ಅವನು ನಗಲಿಲ್ಲ. ಶರಣಮ್ಮ ಅವನ ಮಾತನ್ನೇ ಹಿಡಿದು ಆ ದಿನದ ಪಾಠ ಮಾಡಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಭಾಗ್ಯ ಎಂಬ ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ಕೊನೇ ಪ್ರಶ್ನೆ ಕೇಳಿದಾಗ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ, ಮಾರನೇ ದಿನ ಶಾಲೆಗೂ ಬರಲಿಲ್ಲ. ಶರಣಮ್ಮ ಸಂಜೆ ಅವರ ಶೆಡ್ಡಿಗೆ ಹೋದಳು. ಭಾಗ್ಯಳ ತಾಯಿ ಮೊದಲು ಕೆಲಸಕ್ಕಿದ್ದ ಕಡೆ ಮೇಸ್ತ್ರಿಯಿಂದ ಏನನ್ನು ಅನುಭವಿಸಿ ಓಡಿಬಂದಿದ್ದಳೋ ಆ ದೇವರಿಗೇ ಗೊತ್ತು. ಪೂರ್ತಿ ಹೇಳಲಿಲ್ಲ. ಸಾಲಿ ಕಲಿಸ್ರಿ ಅಂತ ಕಳಿಸೀವಿ, ನಮ್ಮ ಮನಿ ಸಂಕಟ ಕೇಳ್ರಿ ಅಂತ ಅಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿ ಬೈದಳಂತೆ. ಶರಣಮ್ಮ ಅವಳ ಕೈಹಿಡಿದು ತಪ್ಪಾಯಿತು ಎಂದು ಬಂದಳು. ಭಾಗ್ಯ ಎರಡು ದಿನದ ಮೇಲೆ ಶಾಲೆಗೆ ಬಂದಳು.

ಮುಂದಿನ ಸಭೆಗೆ ಶರಣಮ್ಮ ಆ ಪುಟದ ಕೆಳಗೆ ಒಂದು ಸಾಲು ಸೇರಿಸಿಕೊಂಡು ಬಂದಿದ್ದಳು. "ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆಯನ್ನು ಖಾಲಿ ಬಿಡಬಹುದು. ಇದಕ್ಕೆ ಅಂಕಗಳಿಲ್ಲ." ನಾನು ಒಪ್ಪಲಿಲ್ಲ. ಮಾರ್ಕ್ಸ್ ಇಲ್ಲದಿದ್ದರೆ ಇದನ್ನು ಯಾವ ಶಾಲೆಯವರೂ ಮೂಸಿ ನೋಡುವುದಿಲ್ಲ ಎಂದು ವಾದ ಮಾಡಿದೆ. ಅಲ್ಲಿಯವರೆಗೆ ನನ್ನ ಮಾತಿಗೆ ಒಂದು ದಿನವೂ ಎದುರಾಡದವಳು ಅವತ್ತು ಜಗ್ಗಲಿಲ್ಲ. ಮಗುವಿಗೆ ಸುಮ್ಮನಿರಲು ಜಾಗ ಬೇಕು, ಅದಿಲ್ಲದಿದ್ದರೆ ಈ ಪುಟವೇ ಬೇಡ ಎಂದಳು. ಲೂರ್ದುಸ್ವಾಮಿ ಸರ್ ಅವಳ ಕಡೆ ನಿಂತರು. ಸಾಲು ಉಳಿಯಿತು.

ಏಪ್ರಿಲಿನಲ್ಲಿ ಪುಟ ಉಪನಿರ್ದೇಶಕರ ಮುಂದೆ ಹೋಯಿತು. ಓದಿದರು, ಚೆನ್ನಾಗಿದೆ ಎಂದರು. ಅವರು ಹಾಗೆಂದಿದ್ದು ಅದೇ ಮೊದಲು. ಆಮೇಲೆ ಕೇಳಿದರು, ಇದನ್ನು ಮಾಡಿಸಲು ಟೀಚರುಗಳಿಗೆ ತರಬೇತಿ ಬೇಕಲ್ಲ, ಅದರ ಖರ್ಚು ಎಲ್ಲಿ ತೋರಿಸಲಿ? ತರಬೇತಿ ಎಂಬ ಮಾತಿದ್ದರೆ ಇದು ಮೇಲೆ ಪಾಸಾಗುವುದಿಲ್ಲ ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಎಲ್ಲವೂ ಹೋಗಿ ಉಳಿದಿದ್ದು ಅದೊಂದೇ ಪುಟ. ಶರಣಮ್ಮ ಅವರ ಮೇಜಿನ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡು ಅಲ್ಲೇ ನಿಂತು ಬರೆದಳು. "ಈ ಚಟುವಟಿಕೆಗೆ ವಿಶೇಷ ತರಬೇತಿ ಅಗತ್ಯವಿಲ್ಲ. ಯಾವುದೇ ವಿಷಯದ ಶಿಕ್ಷಕರು ನಡೆಸಬಹುದು." ಕೊನೇ ಕಾಲಮಿನಲ್ಲಿ "ಇಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದಳು. ಉಪನಿರ್ದೇಶಕರು ನಕ್ಕು ಸಹಿ ಹಾಕಿದರು. ನಾವು ಹೊರಗೆ ಬಂದು, ಗೆದ್ದೆವು ಎಂಬ ಖುಷಿಯಲ್ಲಿ, ಬೇಕರಿಯಲ್ಲಿ ಪಫ್ಸ್ ತಿಂದೆವು. ಸರ್ ದುಡ್ಡು ಕೊಟ್ಟರು. ಆ ಸಾಲಿನಲ್ಲಿ ಏನಿದೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಲಮ್ ತುಂಬುವ ಅಭ್ಯಾಸ ನಮ್ಮ ಕಣ್ಣು ಕಟ್ಟಿಬಿಟ್ಟಿತ್ತು.

ಮೇ ತಿಂಗಳ ಕೊನೆಯಲ್ಲಿ ಮಳೆ ಹಿಡಿಯಿತು. ಶಾಲೆ ತೆರೆಯುವ ಮುಂಚೆ ಸುತ್ತೋಲೆ ಬಂತು. ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಎಂಟನೇ ತರಗತಿಯ ಚರಿತ್ರೆಯನ್ನು ಯಾವುದೇ ವಿಷಯದ ಶಿಕ್ಷಕರು ನಡೆಸಬಹುದಾದ್ದರಿಂದ, ಚರಿತ್ರೆಯ ಅವಧಿಗಳನ್ನು ಶಾಲೆಯಲ್ಲಿ ಈಗಾಗಲೇ ಇರುವ ಶಿಕ್ಷಕರಿಗೆ ಹಂಚತಕ್ಕದ್ದು, ಈ ವಿಷಯಕ್ಕೆ ಈ ಸಾಲಿನಲ್ಲಿ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳತಕ್ಕದ್ದಲ್ಲ. ನಾನದನ್ನು ಸ್ಟಾಫ್ ರೂಮಿನಲ್ಲಿ ನಿಂತು ಓದಿದೆ. ಫೋನ್ ಮಾಡಿದರೆ ಶರಣಮ್ಮನಿಗೆ ಆಗಲೇ ಗೊತ್ತಾಗಿತ್ತು. ಅವಳು ಅಳುತ್ತಿರಲಿಲ್ಲ. ಹೌದ್ರಿ, ಹೌದ್ರಿ ಎಂದಷ್ಟೇ ಹೇಳುತ್ತಿದ್ದಳು.

ಮೂವರೂ ಉಪನಿರ್ದೇಶಕರ ಹತ್ತಿರ ಓಡಿದೆವು. ಅವರು ಕಾಫಿ ಹಂಚಲಿಲ್ಲ. ಫೈಲು ತೆಗೆದು ನಮ್ಮ ಕಡೆ ತಿರುಗಿಸಿದರು.

"ನಾನೇನ್ ಮಾಡ್ಲಿ ಮೇಡಂ? ದುಡ್ಡು ಉಳ್ಸೋಕೆ ದಾರಿ ಹುಡುಕ್ತಾ ಇದ್ರು ಮೇಲಿನವರು. ನೀವೇ ಬರ್ಕೊಟ್ಟಿದ್ದೀರಲ್ಲ, ಯಾರ್ ಬೇಕಾದ್ರೂ ಮಾಡ್ಬಹುದು ಅಂತ. ಮಾರ್ಕ್ಸೂ ಇಲ್ಲ ಅಂದಿದ್ದೀರಿ."

ಶರಣಮ್ಮನ ಅಕ್ಷರ ದುಂಡಗಿತ್ತು. ಅವಳು ಎಳೆದ ಗೆರೆಯೂ ಹಾಗೇ ಇತ್ತು. ಲೂರ್ದುಸ್ವಾಮಿ ಸರ್ ಇದಕ್ಕೆ ದಾರಿಯೇ ಇಲ್ಲವೇ ಎಂದು ಕೇಳಿದರು. ಉಪನಿರ್ದೇಶಕರು ಬಾಗಿಲ ಕಡೆ ನೋಡಿ, ದನಿ ಇಳಿಸಿ, ಒಂದಿದೆ ಎಂದರು. ಆ ಪುಟವನ್ನೇ ಸಮಿತಿ ವಾಪಸ್ ಪಡೆದರೆ, ಹಳೇ ಪಾಠಗಳೇ ಇರಲಿ ಎಂದು ಬರೆದುಕೊಟ್ಟರೆ, ಹಳೇ ಪಾಠಕ್ಕೆ ವಿಷಯ ಶಿಕ್ಷಕರು ಬೇಕೇ ಬೇಕು ಎಂದು ನಾನು ಮೇಲೆ ಹೇಳಬಹುದು. ಯೋಚನೆ ಮಾಡಿ ಬೇಗ ಹೇಳಿ ಎಂದರು.

ಎದುರಿನ ಟೀ ಅಂಗಡಿಯ ತಗಡಿನ ಕೆಳಗೆ ನಿಂತೆವು. ಮಳೆ ಧೋ ಎಂದು ಸುರಿಯುತ್ತಿತ್ತು. ಲೂರ್ದುಸ್ವಾಮಿ ಸರ್ ಚಹಾ ಆರಿಸುತ್ತಿದ್ದರು. ಅವರ ತಾತನನ್ನು ಪಾಠದೊಳಕ್ಕೆ ತಂದ ಪುಟ ಅದು. ನನಗೂ ಆ ಪುಟ ಬಿಡಲು ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವಳು ಏನನ್ನುತ್ತಾಳೋ ಎಂದು ಕಾದೆವು.

"ನೀವಿಬ್ರೂ ಸುಮ್ನಿದ್ರ ನನಗ ಗೊತ್ತಾಗ್ತದ್ರಿ ಏನು ವಿಚಾರ ಮಾಡಾಕತ್ತೀರಿ ಅಂತ," ಎಂದಳು ಶರಣಮ್ಮ. "ನನಗ ಪಾಠ ಬ್ಯಾಡ್ರಿ. ನನಗ ಕೆಲಸ ಬೇಕು. ಪಾಠ ಇನ್ನೊಂದು ಬರೀಬಹುದು. ಈ ವರ್ಷ ಬಿಟ್ರ ನನ್ನ ವಯಸ್ಸು ಮುಗೀತದ."

ಅವಳು ಹಾಗೆಂದದ್ದಕ್ಕೆ ನನಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಸರ್ ತಕ್ಷಣ ಚಹಾದ ಲೋಟ ಕೆಳಗಿಟ್ಟು, ಸರಿಯಮ್ಮಾ, ಬರೀತೀನಿ ಎಂದರು. ಅಲ್ಲೇ ಅಂಗಡಿಯ ಬೆಂಚಿನ ಮೇಲೆ ಕೂತು ಅರ್ಜಿ ಬರೆದರು, ಮೂವರೂ ಸಹಿ ಮಾಡಿದೆವು. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದೆವು. ಉಪನಿರ್ದೇಶಕರು ಅರ್ಜಿ ಓದಿ, ಮಡಚಿ, ನಮ್ಮ ಕೈಗೇ ವಾಪಸ್ ಕೊಟ್ಟರು. ರಾಜ್ಯದಲ್ಲಿ ಎಲ್ಲೂ ಇಷ್ಟು ಅಗ್ಗವಾದ ಪರಿಷ್ಕರಣೆ ಆಗಿಲ್ಲ ಎಂದು ಮೇಲಿನವರಿಗೆ ಬಹಳ ಸಂತೋಷವಾಗಿದೆಯಂತೆ. ಆ ಪುಟ ಹಿಂದಿನ ಸಂಜೆಯೇ ಅಚ್ಚಿಗೆ ಹೋಗಿತ್ತು.

ಅಚ್ಚು ಎಂದರೆ ಪು‌ಸ್ತಕವಲ್ಲ. ಪುಸ್ತಕಕ್ಕೆ ದುಡ್ಡೆಲ್ಲಿ? ಒಂದೊಂದು ಬಿಡಿ ಹಾಳೆ. ಹಿಂದಿನ ವರ್ಷದ ಮಕ್ಕಳಿಂದ ಹಳೇ ಪುಸ್ತಕಗಳನ್ನು ವಾಪಸ್ ಪಡೆದು, ಚರಿತ್ರೆಯ ಮೊದಲ ಪಾಠದ ಮೇಲೆ ಈ ಹಾಳೆಯನ್ನು ಅಂಟಿಸಿ ಹೊಸ ಮಕ್ಕಳಿಗೆ ಕೊಡುವುದು. ಹಾಗೆ ವಾಪಸ್ ಬಂದ ಪುಸ್ತಕಗಳನ್ನು ಮಹದೇವಪುರದ ಒಂದು ಶಾಲೆಯ ಕೋಣೆಯಲ್ಲಿ ಪೇರಿಸಿದ್ದರು. ಆ ವಾರದ ಮಳೆಗೆ ಅಲ್ಲಿ ನೀರು ನುಗ್ಗಿತು. ಕೆಳಗಿನ ಕಟ್ಟುಗಳು ನೆನೆದು ಮುದ್ದೆಯಾದವು, ಮೇಲಿನವನ್ನು ಟೆಂಪೋದಲ್ಲಿ ಹಾಕಿ ಶಿವಾಜಿನಗರದ ನಮ್ಮ ಪಾರಿವಾಳದ ಶಾಲೆಗೆ ತಂದು ಸುರಿದರು. ಅಂಟಿಸುವ ಕೆಲಸಕ್ಕೆ ಕೂಲಿ ಕೊಡಲು ದುಡ್ಡಿಲ್ಲ, ಸಮಿತಿಯವರೇ ಬನ್ನಿ ಎಂದು ಕರೆ ಬಂತು.

ನಾನು ಹೋದೆ, ಸರ್ಕಾರದ ಸಂಬಳ ತಿನ್ನುವವಳು. ಸರ್ ಬಂದರು. ಕೋಣೆಗೆ ಕಾಲಿಟ್ಟರೆ ಶರಣಮ್ಮ ಆಗಲೇ ಬಂದು, ಸ್ಟವ್ವಿನ ಮೇಲೆ ಬಾಣಲೆ ಇಟ್ಟು ಮೈದಾ ಕಲಸಿ ಅಂಟು ಕಾಯಿಸುತ್ತಿದ್ದಳು. ನೀನು ಯಾಕೆ ಬಂದೆ ಶರಣಮ್ಮ, ನಿನಗೇನು ಕರ್ಮ ಎಂದು ನಾನು ಸಿಟ್ಟಾದೆ. ಅವಳ ಮೇಲಿನ ಸಿಟ್ಟಲ್ಲ ಅದು, ಆದರೂ ಅವಳ ಮೇಲೇ ಹರಿಯಿತು. ಕಣ್ಣೆದುರಿಗೆ ಇದ್ದರೆ ಎಲ್ಲಾದರೂ ಜಾಗ ಖಾಲಿಯಾದಾಗ ನೆನಪಿಸಿಕೊಳ್ಳುತ್ತಾರೆ, ಉಪನಿರ್ದೇಶಕರೇ ಹಾಗೆಂದರು ಎಂದಳು. ಅದನ್ನು ಅವಳು ನಂಬಿದ್ದಳೋ, ನಂಬದೆ ಬೇರೆ ದಾರಿ ಇರಲಿಲ್ಲವೋ, ನಾನು ಕೇಳಲಿಲ್ಲ.

ಆ ವಾರವೆಲ್ಲ ಅಂಟಿಸಿದೆವು. ಸರ್ ಪುಸ್ತಕ ತೆಗೆದು ಪುಟ ಬಿಡಿಸಿ ಕೊಡುತ್ತಿದ್ದರು, ನಾನು ಅಂಟು ಬಳಿಯುತ್ತಿದ್ದೆ, ಶರಣಮ್ಮ ಹಾಳೆಯನ್ನು ಇಟ್ಟು ಅಂಗೈಯಿಂದ ಒಳಗಿನಿಂದ ಹೊರಕ್ಕೆ ಒತ್ತುತ್ತಿದ್ದಳು. ಗಾಳಿಗುಳ್ಳೆ ನಿಲ್ಲಬಾರದು, ಮೂಲೆ ಏಳಬಾರದು ಎಂದು ಅಷ್ಟು ನಿಗಾ. ಮಳೆಗಾಲದಲ್ಲಿ ಅಂಟು ಬೇಗ ಆರುವುದಿಲ್ಲ. ಪುಸ್ತಕಗಳನ್ನು ಬೆಂಚುಗಳ ಮೇಲೆ ಬಾಯ್ತೆರೆದು ಇಡುತ್ತಿದ್ದೆವು, ಬೆಳಿಗ್ಗೆ ಬಂದರೆ ಕೋಣೆಯೆಲ್ಲ ಹುಳಿ ನಾತ. ಅವಳು ತನ್ನ ಸಾಲುಗಳನ್ನು ತಾನೇ ಒತ್ತಿ ಒತ್ತಿ ಅಂಟಿಸುವುದನ್ನು ನೋಡುತ್ತಾ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಲ ಲೂರ್ದುಸ್ವಾಮಿ ಸರ್ ಪುಸ್ತಕ ಕೊಡುವುದು ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ಸರ, ಕೊಡ್ರಿ, ಅಂಟು ಆರ್ತದ ಎಂದು ಶರಣಮ್ಮ ಕರೆದಳು. ಅವರು ಬಂದು ಕೂತು ಮತ್ತೆ ಕೊಡಲು ಶುರು ಮಾಡಿದರು.

ಜಾಗ ಯಾವುದೂ ಖಾಲಿಯಾಗಲಿಲ್ಲ. ಆಗಿದ್ದರೂ ಅವಳಿಗೆ ಕರೆ ಬರುತ್ತಿರಲಿಲ್ಲವೇನೋ. ನೇಮಕಾತಿಯ ಅಧಿಸೂಚನೆ ಬಂದಾಗ ಅವಳ ವಯಸ್ಸು ಮೀರಿತ್ತು. ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಎಂದು ಸೇರಿಕೊಂಡಳು. ನೆಲ ಒರೆಸುವವರ ಹಾಜರಿ ತೆಗೆದುಕೊಳ್ಳುವುದು, ಅವರು ಬಾರದಿದ್ದರೆ ತಾನೇ ಒರೆಸುವುದು. ಲೂರ್ದುಸ್ವಾಮಿ ಸರ್ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಶರಣಮ್ಮ ಶಿಫ್ಟ್ ಬಿಟ್ಟು ಯೂನಿಫಾರಂನಲ್ಲೇ ಬಂದಿದ್ದಳು. ಅಲ್ಲೇ ಸಿಕ್ಕಾಗ ಮನೆಗೆ ಬರ್ರಿ, ರೊಟ್ಟಿ ಮಾಡ್ತೀನಿ ಎಂದಿದ್ದಳು. ನಾನು ಬರುತ್ತೇನೆ ಎಂದು ಹೇಳಿ ತಿಂಗಳುಗಟ್ಟಲೆ ಮುಂದೂಡಿದ್ದೆ.

ಅವತ್ತು ಕೊನೆಗೂ ಹೊರಟಿದ್ದೆ. ಬಸ್ಸು ಬಂತು, ಅಂಟಿನ ವಾಸನೆ ಹಿಂದೆ ಉಳಿಯಿತು. ಲಿಂಗರಾಜಪುರದ ಅದೇ ಗಲ್ಲಿ, ಅದೇ ರೂಮು. ಶರಣಮ್ಮ ಸ್ವಲ್ಪ ಇಳಿದುಹೋಗಿದ್ದಾಳೆ, ನಗು ಹಾಗೇ ಇದೆ. ನನಗೆ ಚಾಪೆ ಹಾಸಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡಿದಳು. ಬದನೆಕಾಯಿ ಎಣ್ಣೆಗಾಯಿ ಆಗಲೇ ಮಾಡಿಟ್ಟಿದ್ದಳು. ಹಳೇ ಮಾತು ಇಬ್ಬರೂ ತೆಗೆಯಲಿಲ್ಲ. ಬಿಸಿಲು, ನೀರಿನ ಟ್ಯಾಂಕರು, ಅವಳ ಗಂಡನ ಬೆನ್ನುನೋವು, ಇಂಥವನ್ನೇ ಆಡಿದೆವು.

ಲಾವಣ್ಯ ಶಾಲೆಯಿಂದ ಬಂದಳು. ಉದ್ದ ಬೆಳೆದಿದ್ದಾಳೆ, ಈಗ ಎಂಟನೇ ಕ್ಲಾಸು. ನಮಸ್ತೆ ಆಂಟಿ ಎಂದವಳು ಕೈಕಾಲು ತೊಳೆದುಕೊಂಡು ಬಂದು, ಚೀಲದಿಂದ ಒಂದು ಪುಸ್ತಕ ತೆಗೆದು ಅಮ್ಮನ ಪಕ್ಕ ಕೂತಳು. ಹಳೇ ಪುಸ್ತಕ, ಎಷ್ಟು ಕೈ ದಾಟಿದೆಯೋ. ನೀರು ಕುಡಿದು ಅಂಚು ಉಬ್ಬಿದೆ. ಅವಳು ಪುಟ ಬಿಡಿಸಿದಾಗ ಅಂಟಿಸಿದ ಹಾಳೆ ಕಂಡಿತು. ಮೂಲೆ ಎದ್ದಿರಲಿಲ್ಲ. ನಾನು ಶರಣಮ್ಮನ ಮುಖ ನೋಡಿದೆ. ಅವಳು ಹಿಟ್ಟು ನಾದುತ್ತಿದ್ದಳು.

ಪಿ.ಟಿ. ಸರ್ ಸೋಮವಾರದೊಳಗೆ ಬರೆದುಕೊಂಡು ಬನ್ನಿ ಎಂದಿದ್ದಾರೆ, ಚರಿತ್ರೆ ಪೀರಿಯಡ್ಡು ಈಗ ಅವರದೇ ಎಂದು ಹುಡುಗಿ ಹೇಳಿದಳು. ಒಂದೊಂದೇ ಪ್ರಶ್ನೆ ಓದಿದಳು. ಈ ಊರಿಗೆ ಮೊದಲು ಬಂದವರು ಯಾರು? ನಿಮ್ಮ ಅಮ್ಮಮ್ಮ, ಸಿಂಧನೂರಿನಿಂದ ಎಂದಳು ಶರಣಮ್ಮ. ಬರುವಾಗ ಏನು ತಂದರು? ನನ್ನನ್ನ ತಂದ್ರು, ಬಗಲಾಗ. ಹುಡುಗಿ ನಕ್ಕು ಬರೆದುಕೊಂಡಳು. ಅಮ್ಮಮ್ಮನ ಕೆಲಸ ಗೊತ್ತು, ನಿಂದೂ ಬರೀತೀನಿ ಇರು ಎಂದು, ಮೊದಲು ಮಾಡಿದ ಕೆಲಸ ಯಾವುದು ಎಂದು ಕೇಳಿದಳು. ಟೀಚರ್ ಅಂತ ಬರಿ ಎಂದಳು ಶರಣಮ್ಮ.

"ಅದನ್ನು ಏಕೆ ಬಿಟ್ಟರು?" ಲಾವಣ್ಯ ಓದಿ, ಪೆನ್ನು ಹಿಡಿದು ಕಾದಳು.

ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಬಾಗಿಲ ಕಡೆ ನೋಡಿದೆ.

"ಅದನ್ನ ಖಾಲಿ ಬಿಡು," ಎಂದಳು ಶರಣಮ್ಮ.

"ಖಾಲಿ ಬಿಟ್ರೆ ಸರ್ ಬೈತಾರಮ್ಮ. ಮಾರ್ಕ್ಸ್ ಕಟ್ ಮಾಡ್ತಾರೆ."

"ಮಾಡೂದಿಲ್ಲ. ಕೆಳಗ ಬರದದ ನೋಡು."

ಹುಡುಗಿ ಪುಟದ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಹೋದಳು. ಸಣ್ಣ ಅಕ್ಷರದಲ್ಲಿ ಇತ್ತು. ಗಟ್ಟಿಯಾಗಿ ಓದಿದಳು, ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆಯನ್ನು ಖಾಲಿ ಬಿಡಬಹುದು, ಇದಕ್ಕೆ ಅಂಕಗಳಿಲ್ಲ. ಓದಿ ಮುಗಿಸಿ ಅಮ್ಮನ ಮುಖವನ್ನೇ ನೋಡಿದಳು.

"ನೀನು ಪುಸ್ತಕಾನೇ ನೋಡ್ಲಿಲ್ವಲ್ಲ. ನಿಂಗೆ ಹೇಗ್ ಗೊತ್ತಾಯ್ತು?"

ಶರಣಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

"ಅದನ್ನೂ ಖಾಲಿ ಬಿಡು," ಎಂದಳು.